ಹಸಿದ ಕೌದಿ

ಚನ್ನಬಸವ್ವ ಸೋಫಾವನ್ನು ಗೋಡೆಗೆ ನೂಕಿ ನೆಟ್ಟಗೆ ನಿಲ್ಲಿಸಿ ಮೂರು ವಾರವಾಗಿತ್ತು. ಅಂದಿನಿಂದ ಗಂಡ ಜಗದೇವಪ್ಪನ ಸಂಸಾರವೆಲ್ಲ ಅಡುಗೆಮನೆಯ ಸ್ಟೂಲಿನ ಮೇಲೆ. ಅಲ್ಲೇ ಪೇಪರು, ಅಲ್ಲೇ ಊಟ, ಅಲ್ಲೇ ಕೂತು ಹಾಲಿನ ಟೀವಿಯ ಕ್ರಿಕೆಟ್ಟು ಕೇಳಿಸಿಕೊಳ್ಳುವುದು. ವಿಲಾಯತಿಯ ಅಕ್ಸ್‌ಬ್ರಿಡ್ಜ್‌ನ ಆ ಪುಟ್ಟ ಫ್ಲಾಟಿನ ಹಾಲಿನಲ್ಲಿ ಅವಳು ಹಳೆಯ ಅರಿವೆ ಕೂಡಿಸಿ ಹೊಲಿಯುತ್ತಿದ್ದ ಕೌದಿ ಗೋಡೆಯಿಂದ ಗೋಡೆಗೆ ಹಾಸಿಕೊಂಡು ಬಿದ್ದಿತ್ತು.

"ಇದನ್ನ ಹೊಚಗೊಳ್ಳಾಂವ ಎಷ್ಟ ಉದ್ದ ಇರಬೇಕಲೇ ಚನ್ನಿ?"

"ಹೊಚಗೊಳ್ಳಾಕ ಅಲ್ಲರೀ, ನೆಳ್ಳಿಗೆ. ಎಷ್ಟ ಸಲ ಹೇಳಬೇಕು?"

ಹೇಳಿದ್ದಳು, ಹತ್ತು ಸಲ. ಮಗ ಸಂಗಮೇಶನ ಮಗಳು ಸೃಷ್ಟಿ ಇಲ್ಲೇ ಯೂನಿವರ್ಸಿಟಿಯಲ್ಲಿ ಡಿಸೈನ್ ಓದುತ್ತಿದ್ದಳು. ಅಮೆರಿಕದ ಒಂದು ಮರುಭೂಮಿಯಲ್ಲಿ ಪ್ರತಿ ಏಪ್ರಿಲ್ಲಿಗೆ ದೊಡ್ಡ ಸಂಗೀತೋತ್ಸವ ನಡೆಯುತ್ತದೆ. ಲಕ್ಷ ಜನ ಸೇರುತ್ತಾರೆ, ವೇದಿಕೆಗಳ ನಡುವೆ ಮನೆಗಿಂತ ಎತ್ತರದ ಕಲಾಕೃತಿಗಳು ನಿಲ್ಲುತ್ತವೆ. ಅವುಗಳ ನಡುವೆ ಈ ಸಲ ಸೃಷ್ಟಿಯ ತಂಡದ್ದೂ ಒಂದು ಇತ್ತು: ನಾಲ್ಕು ಕಂಬ, ಮೇಲೆ ಆಯಿ ಚನ್ನಬಸವ್ವನ ಕೈಯ ಕೌದಿ. ಹಾಡು ಕೇಳಿ ದಣಿದವರು ಅದರ ಕೆಳಗೆ ಕೂತು ದಣಿವಾರಿಸಿಕೊಳ್ಳಬೇಕು.

"ಬಿಸಿಲಾಗ ನಿಂತು ಹಾಡ ಕೇಳಾಕ ಟಿಕೆಟ್ ತಗೋತಾರ?" ಜಗದೇವಪ್ಪನಿಗೆ ಅದೇ ಬಗೆಹರಿಯದ ಮಾತು. "ನಮ್ಮ ವಿಜಾಪುರಕ್ಕ ಬಂದಿದ್ರ ಬಿಸಿಲು ಪುಕ್ಕಟೆ ಸಿಗತಿತ್ತಲ್ಲ!"

ಚನ್ನಬಸವ್ವ ಮಾತ್ರ ನಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಪಾರ್ಕ್ ರಾಯಲ್‌ನ ಕಾರ್ಖಾನೆಯೊಂದರಲ್ಲಿ ಬೆಳಗಿನ ಪಾಳಿಗೆ ನಿಂತು ಸಮೋಸಕ್ಕೆ ಪಲ್ಯ ತುಂಬಿದವಳು ಅವಳು. ತಲೆಗೆ ನೀಲಿ ಟೋಪಿ, ಕೈಗೆ ನೀಲಿ ಗವಸು. ಅವಳು ತುಂಬಿದ ಸಮೋಸವನ್ನು ತಿಂದವರು ಯಾರೆಂದು ಅವಳಿಗೆ ಗೊತ್ತಿಲ್ಲ, ತುಂಬಿದವಳು ಯಾರೆಂದು ಅವರಿಗೂ ಗೊತ್ತಿಲ್ಲ. ಮೊಮ್ಮಗಳು ಲ್ಯಾಪ್‌ಟಾಪ್ ತೆರೆದು, ಕಲಾಕೃತಿಯ ಪಕ್ಕದ ಫಲಕದಲ್ಲಿ 'ಚನ್ನಬಸವ್ವ' ಅಂತ ಅಚ್ಚಾಗಲಿರುವುದನ್ನು ತೋರಿಸಿದ ದಿನ ಅವಳು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದ್ದಳು. ಮರುದಿನವೇ ಸೋಫಾ ಗೋಡೆಗೆ ಹೋಯಿತು.

ಅರಿವೆಗೆ ಬರ ಇರಲಿಲ್ಲ. ಮದುವೆಯ ಇಳಕಲ್ ಸೀರೆಯ ಸೆರಗು, ಜಗದೇವಪ್ಪ ಬಸ್ಸು ಓಡಿಸುವಾಗಿನ ಅಂಗಿಗಳು, ಸಂಗಮೇಶನ ಸ್ಕೂಲ್ ಟೈ, ಸೃಷ್ಟಿಯ ಪುಟ್ಟ ಲಂಗ. ಹೊರಗಿನ ಅಂಚಿನಿಂದ ಸುತ್ತುತ್ತ ಸುತ್ತುತ್ತ ಹೊಲಿಗೆ ಒಳಕ್ಕೆ ಬರುತ್ತದೆ. ಕೊನೆಗೆ ನಟ್ಟನಡುವೆ ಅಂಗೈಯಗಲದ ಒಂದು ಚೌಕ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚಿಟಿಕೆ ಜೋಳ, ಒಂದು ತುಣುಕು ರೊಟ್ಟಿ ಇಟ್ಟೇ ಹೊಲಿಗೆ ಮುಚ್ಚಬೇಕು. ಹಸಿದ ಕೌದಿ ಯಾರಿಗೂ ನಿದ್ದೆ ಕೊಡುವುದಿಲ್ಲ ಎಂದು ಅವಳ ತಾಯಿ ಹೇಳುತ್ತಿದ್ದಳು.

ಆ ಮಂಗಳವಾರ ಮಧ್ಯಾಹ್ನ ಚನ್ನಬಸವ್ವ ಕೌದಿಯ ಹೊಟ್ಟೆ ತುಂಬಿಸಿ, ಗಂಟು ಹಾಕಿ, ದಾರವನ್ನು ಹಲ್ಲಿನಿಂದ ಕಡಿದಳು. ಸಂಜೆ ಸೃಷ್ಟಿ ಕೈಯಲ್ಲೊಂದು ಹಾಳೆ ಹಿಡಿದು ಬಂದಳು. ಮರುದಿನ ಬೆಳಿಗ್ಗೆ ಹತ್ತಕ್ಕೆ ಪಾರ್ಕ್ ರಾಯಲ್‌ನ ಗೋದಾಮಿನಿಂದ ಪೆಟ್ಟಿಗೆಗಳು ಏರ್‌ಪೋರ್ಟಿಗೆ ಹೊರಡುವುದಿತ್ತು.

"ಆಯಿ, ಬ್ಯೂಟಿಫುಲ್! ಕಸ್ಟಮ್ಸ್ ಪೇಪರಿಗೆ ನಿನ್ನದೂ ಒಂದು ಸಿಗ್ನೇಚರ್ ಅಷ್ಟೇ. ಇದ್ರಲ್ಲಿ ಫುಡ್, ಸೀಡ್ಸ್, ಮಣ್ಣು ಏನೂ ಇಲ್ಲ ಅಂತ."

ಅಡುಗೆಮನೆಯಲ್ಲಿ ಜಗದೇವಪ್ಪನ ಚಹಾದ ಕಪ್ಪು ತುಟಿಗೆ ಮುಟ್ಟದೆ ನಿಂತಿತು. ಚನ್ನಬಸವ್ವ ಪೆನ್ನು ಮುಟ್ಟಲಿಲ್ಲ.

"ಆಯಿ?"

"ಹೊಟ್ಟ್ಯಾಗ ಜ್ವಾಳ ಐತಿ," ಎಂದ ಜಗದೇವಪ್ಪ. "ರೊಟ್ಟೀನೂ ಐತಿ. ನೆಂಚಿಕೊಳ್ಳಾಕ ಶೇಂಗಾ ಚಟ್ನಿ ಇಟ್ಟಾಳೋ ಏನೋ."

ಸೃಷ್ಟಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಅಲ್ಲಿ ಏರ್‌ಪೋರ್ಟಲ್ಲಿ ಡಾಗ್ಸ್ ಇರ್ತಾವೆ ಆಯಿ, ಮೂಸಿ ಹಿಡೀತಾವೆ. ಕೌದಿ ಕಿತ್ಕೊಂಡುಬಿಡ್ತಾರೆ. ಆಮೇಲೆ ಬರೀ ನಾಲ್ಕು ಕಂಬ ನಿಲ್ಲಿಸ್ಬೇಕು. ಪ್ಲೀಸ್, ಓಪನ್ ಮಾಡು."

"ಹಸಿದ ಕೌದಿ ಮನಿ ದಾಟಿಸಬಾರದವ್ವಾ. ಇಲ್ಲಿಗೆ ಬಂದ ಮೊದಲನೇ ವರ್ಷ ಜ್ವಾಳ ಸಿಗಲಿಲ್ಲಂತ ಒಂದನ್ನ ಖಾಲಿ ಹೊಲಿದೆ. ನಿಮ್ಮಪ್ಪ ಸಣ್ಣಾಂವ, ಇಡೀ ಚಳಿಗಾಲ ಕೆಮ್ಮಿದ."

"ಹೀಟರ್ ಕೆಟ್ಟಿತ್ತು," ಎಂದ ಜಗದೇವಪ್ಪ.

"ನೀವು ಸುಮ್ಮಕಿರ್ರಿ!"

ಸೃಷ್ಟಿ ಕೌದಿಯ ಅಂಚಿನಲ್ಲಿ ಕೂತಳು. ತನ್ನ ಪುಟ್ಟ ಲಂಗದ ತುಂಡನ್ನು ಹುಡುಕಿ, ಅದರ ಮೇಲೆ ಬೆರಳಾಡಿಸುತ್ತ ಇದ್ದಳು. ಹಾಳೆಯ ಮೇಲೆ ಅವಳ ಸಹಿ ಆಗಲೇ ಬಿದ್ದಿತ್ತು. ಚನ್ನಬಸವ್ವನ ಕಣ್ಣು ಅದರ ಮೇಲೆ ನಿಂತಿತು. ಕೂಸು ಗೊತ್ತಿಲ್ಲದೆ ಸುಳ್ಳಿಗೆ ಹೆಸರು ಬರೆದುಕೊಟ್ಟಿದೆ.

ಅವಳು ಎದ್ದು ಕತ್ತರಿ ತಂದಳು. ಮುಚ್ಚಲು ಅರ್ಧ ತಾಸು ಹಿಡಿದಿದ್ದನ್ನು ಬಿಚ್ಚಲು ಅರೆಗಳಿಗೆ ಸಾಕಾಯಿತು. ರೊಟ್ಟಿಯ ತುಣುಕು ತೆಗೆದಳು, ಜೋಳವನ್ನು ಒಂದೊಂದಾಗಿ ಹೆಕ್ಕಿದಳು. ಹೊಲಿಗೆಯ ಸಂದಿಯಲ್ಲಿ ಕಾಳು ಉಳಿದೀತೆಂದು ಮೂವರೂ ಹಿಡಿದು ಝಾಡಿಸಿದರು. ಒಂದು ಕಾಳು ಟಣ್ ಎಂದು ರೇಡಿಯೇಟರಿಗೆ ಬಡಿಯಿತು.

"ಈಗ ಮುಚ್ಚಿಬಿಡು ಆಯಿ."

"ನಾ ಮುಚ್ಚಾಂಗಿಲ್ಲ." ಚನ್ನಬಸವ್ವ ಸೂಜಿಗೆ ಕೆಂಪು ದಾರ ಪೋಣಿಸಿ ಮೊಮ್ಮಗಳ ಕೈಗೆ ಕೊಟ್ಟಳು. "ಇದು ಹಸಕೊಂಡ ಹೋಗತೈತಿ. ಅಲ್ಲಿ ಮುಟ್ಟಿದ ಮ್ಯಾಲೆ, ಕಂಬಕ್ಕ ಏರಿಸೂಕ್ಕಿಂತ ಮೊದಲ, ಆ ಊರಾಗ ಏನ ಉಣ್ಣತಾರೋ ಅದನ್ನ ನೀ ಉಣಿಸಿ, ನೀನಽ ಮುಚ್ಚಬೇಕು. ಈಗ ಕುಂಡ್ರು, ಕಲಿ."

"ನಂಗೆ ಬಟನ್ ಹಾಕೋಕೂ ಬರಲ್ಲ!"

"ನಿಮ್ಮಜ್ಜಗೂ ಬರಾಂಗಿಲ್ಲ. ಅದಕ್ಕಽ ಅವರ ಅಂಗಿ ಕೌದ್ಯಾಗ ಅದಾವು."

ಊಟದ ಹೊತ್ತಿನವರೆಗೆ ಸೃಷ್ಟಿ ಹಳೆಯ ಅರಿವೆಯ ಮೇಲೆ ಹೊಲಿದಳು, ಬಿಚ್ಚಿದಳು, ಬೆರಳು ಚುಚ್ಚಿಕೊಂಡಳು. ಮರುದಿನ ಕೌದಿ ಹೋಯಿತು. ಹಾಲ್ ಬಯಲಾಯಿತು. ಆದರೂ ಕೌದಿ ಉಣ್ಣುವವರೆಗೆ ಚನ್ನಬಸವ್ವ ಸೋಫಾ ಎಳೆಯಲು ಬಿಡಲಿಲ್ಲ. ಜಗದೇವಪ್ಪ ಇನ್ನೂ ಮೂರು ವಾರ ಸ್ಟೂಲಿನ ಮೇಲೆಯೇ ಉಂಡ.

ಏಪ್ರಿಲ್ಲಿನ ಒಂದು ಸಂಜೆ ಏಳಕ್ಕೆ ಫೋನು ಹೊಡೆದುಕೊಂಡಿತು. ಪರದೆಯ ತುಂಬ ಮರುಭೂಮಿಯ ಬೆಳಗಿನ ಬಿಳಿ ಬಿಸಿಲು, ದೂರದಲ್ಲಿ ಗುಡ್ಡ, ಯಾವುದೋ ವೇದಿಕೆಯ ಧಂ ಧಂ ಸಪ್ಪಳ. ಸೃಷ್ಟಿಯ ಮೂಗು ಸುಟ್ಟು ಕೆಂಪಾಗಿತ್ತು. ಕೌದಿ ನೆಲದ ಮೇಲಿತ್ತು. ಅವಳ ತಂಡದವರು ಸುತ್ತ ಅಂಚು ಹಿಡಿದು ಕೂತಿದ್ದರು.

"ಆಯಿ, ನೋಡು. ಟೋರ್ಟಿಯಾ ಅಂತಾರೆ. ರೊಟ್ಟಿ ಥರಾನೇ. ಜೋಳದ್ದು."

ಚನ್ನಬಸವ್ವ ಫೋನನ್ನು ಮೂಗಿನ ಹತ್ತಿರ ತಂದಳು. "ಗೋವಿನಜೋಳದ್ದು. ಇರಲಿ, ನಡೀತೈತಿ. ಇಡು."

ಸೃಷ್ಟಿ ತುಣುಕು ಇಟ್ಟು ಹೊಲಿಯತೊಡಗಿದಳು. ಹೊಲಿಗೆ ಒಂದು ಉದ್ದ, ಒಂದು ಗಿಡ್ಡ, ದಾರಿ ತಪ್ಪಿದ ಇರುವೆಯಂತೆ ಅತ್ತಿತ್ತ ಓಡಿತು. ಇಲ್ಲಿ ಚನ್ನಬಸವ್ವನ ಹೆಬ್ಬೆರಳು ತೋರುಬೆರಳು ಕೂಡಿಕೊಂಡು ತಮ್ಮಷ್ಟಕ್ಕೆ ಆಡುತ್ತಿದ್ದವು.

"ಬಲಗಡೆ ಮೂಲ್ಯಾಗ ಬಿಟ್ಟೀ ನೋಡು. ಅಲ್ಲಲ್ಲ, ನಿನ್ನ ಬಲಗಡೆ. ಹಾಂ."

ಗಂಟು ಬಿತ್ತು. ಕತ್ತರಿ ಇರಲಿಲ್ಲ. ಸೃಷ್ಟಿ ಬಗ್ಗಿ ದಾರವನ್ನು ಹಲ್ಲಿನಿಂದ ಕಡಿದಳು.

ಹತ್ತಾರು ಕೈಗಳು ಕೌದಿಯನ್ನು ಕಂಬಕ್ಕೆ ಏರಿಸಿದವು. ಬಿಸಿಲು ಸೀರೆ ಅಂಗಿಗಳನ್ನು ಹಾಯ್ದು ಬಣ್ಣಬಣ್ಣವಾಗಿ ಮರಳಿಗೆ ಇಳಿಯಿತು. ನಡುವೆ ಅಂಗೈಯಗಲದ ಒಂದು ಚೌಕದಲ್ಲಿ ಮಾತ್ರ ದಟ್ಟ ನೆರಳು. ಆಗಲೇ ಯಾರೋ ಒಬ್ಬ ಹೆಣ್ಣುಮಗಳು ಒಳಗೆ ಬಂದು, ಟೋಪಿಯನ್ನು ಮುಖದ ಮೇಲೆಳೆದುಕೊಂಡು ಅಡ್ಡಾದಳು.

"ಸಪ್ಪಳ ಮಾಡಬ್ಯಾಡ್ರಿ," ಎಂದಳು ಚನ್ನಬಸವ್ವ, ಅಕ್ಸ್‌ಬ್ರಿಡ್ಜ್‌ನಿಂದ.

ಫೋನು ಇಟ್ಟಮೇಲೆ ಗಂಡನ ಕಡೆ ತಿರುಗಿದಳು. "ನೋಡಕೋತ ನಿಂತೀರೇನು? ಆ ಕಡೆ ಹಿಡೀರಿ. ಸೋಫಾ ಎಳೀಬೇಕು."