ಸೋಮವಾರದ ಬಾಣಲೆ

ಒಂದೇ ಬಾಣಲೆಯಲ್ಲಿ ರಾತ್ರಿಯೂಟ ಮುಗಿಸುವುದನ್ನು ನನಗೆ ಕಲಿಸಿದ್ದು ಕಾರವಾರ–ಅಂಕೋಲಾ ಬಸ್ಸು. ಆಫೀಸು ಬಿಟ್ಟು ಹೊರಟರೆ ಅರ್ಗಾದಲ್ಲೇ ಗಾಡಿಗಳ ಸಾಲು. ಮನೆ ಸೇರುವಾಗ ಏಳು ಹೊಡೆದಿರುತ್ತದೆ. ಸಾರು, ಪಲ್ಯ, ಅನ್ನ ಎಂದು ಬೇರೆಬೇರೆ ಬೇಯಿಸುತ್ತ ಕೂರಲು ನಾನೇನು ಮದುವೆ ಮನೆಯ ಅಡುಗೆಯವಳೇ? ಗೋಧಿ ನುಚ್ಚು, ಹೆಸರುಬೇಳೆ, ಅಲಸಂದೆಕಾಯಿ, ಒಂದು ಹಿಡಿ ನುಗ್ಗೆಸೊಪ್ಪು. ಚಮಚ ಎಣ್ಣೆಯ ಒಗ್ಗರಣೆ ಹಾಕಿ ಮುಚ್ಚಿದರೆ ಅರ್ಧ ಗಂಟೆಗೆ ಊಟ ತಯಾರು. ಸಕ್ಕರೆ ಕಾಯಿಲೆಯ ಅತ್ತೆಗೂ ಅದು ಒಳ್ಳೆಯದೆಂದು ಡಾಕ್ಟರು ಹೇಳಿದ್ದರು.

ಅತ್ತೆಯನ್ನು ನಾವೆಲ್ಲ ಆಯಿ ಎನ್ನುತ್ತೇವೆ. ಅಂಕೋಲೆಯ ಪೇಟೆಯಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಮಕ್ಕಳನ್ನು ಸಾಕಿದವರು. ಆದರೆ ಸೋಮವಾರ ಮಾತ್ರ ವ್ರತ, ಮೀನು ಮುಟ್ಟುವುದಿಲ್ಲ. ಮೀನು ಬೆಂದ ಪಾತ್ರೆಯ ಅನ್ನವೂ ಆಗದು. ಅದಕ್ಕೇ ನಮ್ಮಲ್ಲಿ ಎರಡು ಬಾಣಲೆ. ಎರಡನ್ನೂ ಒಂದೇ ಅಂಗಡಿಯಿಂದ, ಒಂದೇ ನಮೂನೆಯದು ತಂದವಳು ನಾನು. ಬೇರೆ ಬೇರೆ ತಾ ಎಂದು ಆಯಿ ಆಗಲೇ ಹೇಳಿದ್ದರು. ನನಗೇನು ಕಣ್ಣಿಲ್ಲವೇ ಎಂದು ಸಿಡುಕಿದ್ದೆ.

ಆ ಸೋಮವಾರ ಬಸ್ಸು ಇನ್ನೂ ತಡ. ಬಂದವಳೇ ಚೀಲ ಎಸೆದು ಒಲೆ ಹಚ್ಚಿದೆ. ಬಾಣಲೆ ಮುಚ್ಚಿದ ಸದ್ದಾದೊಡನೆ ಆಯಿ ಇನ್ಸುಲಿನ್ ಚುಚ್ಚಿಕೊಳ್ಳುವುದು ರೂಢಿ, ಅಂದೂ ಚುಚ್ಚಿಕೊಂಡರು. ಅದಾಗಿ ಅರ್ಧ ಗಂಟೆಯೊಳಗೆ ಉಣ್ಣಲೇಬೇಕು. ಹಿಂದೊಮ್ಮೆ ಊಟ ತಡವಾಗಿ ಕೈಕಾಲು ನಡುಗಿ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಆ ಹೆದರಿಕೆ ನನಗಿನ್ನೂ ಹೋಗಿಲ್ಲ.

ಬೆಂದಿತೆಂದು ಮುಚ್ಚಳ ತೆಗೆದೆ. ಹಬೆಯ ಜೊತೆ ಭಾನುವಾರದ ಬಂಗಡೆ ಮೀನಿನ ವಾಸನೆ ಸಣ್ಣಗೆ ಮೂಗಿಗೆ ಬಡಿಯಿತು. ಆತುರದಲ್ಲಿ ಮೀನಿನ ಬಾಣಲೆಯನ್ನೇ ಒಲೆಗಿಟ್ಟಿದ್ದೆ. ಹೇಳಿದರೆ ಆಯಿ ಉಣ್ಣುವುದಿಲ್ಲ, ಹೇಳದಿದ್ದರೆ ಅಷ್ಟು ವರ್ಷದ ವ್ರತ ನನ್ನ ಕೈಯಿಂದ ಕೆಡುತ್ತದೆ. ಮುಚ್ಚಿಡಲು ಮನಸ್ಸು ಬರಲಿಲ್ಲ. ಬಾಣಲೆ ಅದಲುಬದಲಾಗಿದೆ, ಸದ್ಯಕ್ಕೆ ಸಕ್ಕರೆ ನೀರು ಕುಡಿಯಿರಿ, ಬೇರೆ ಮಾಡುತ್ತೇನೆ ಎಂದೆ. ಹೇಳುತ್ತಲೇ ಅಳು ಬಂತು.

ಆಯಿ ತಟ್ಟೆ ಮುಂದೆ ಚಾಚಿದರು.

"ಒಗ್ಗರಣೆ ಹಾಕ್ದಾಗ್ಲೇ ಗೊತ್ತಾಗಿತ್ತು ತಂಗಿ. ಮೀನು ಮಾರಿದ ಮೂಗು ಇದು."

ಅಂದರೆ ಗೊತ್ತಿದ್ದೇ ಸೂಜಿ ಚುಚ್ಚಿಕೊಂಡಿದ್ದರು. ಆಗಲೇ ಯಾಕೆ ಹೇಳಲಿಲ್ಲ ಎಂದು ಅಳುವಿನ ನಡುವೆಯೂ ರೇಗಿದೆ.

"ಹೇಳಿದ್ರೆ ನೀ ಮತ್ತೆ ಮೊದ್ಲಿಂದ ಮಾಡೂಕೆ ನಿಲ್ತಿದ್ದೆ. ಬೆಳಗಿಂದ ದುಡಿದು ಬಂದವ್ಳು. ದೇವ್ರ ಹತ್ರ ನಾ ಮಾತಾಡ್ಕಂತೆ, ನೀ ಕೂತು ಉಣ್ಣು."

ಮೊದಲ ತುತ್ತನ್ನು ಕಣ್ಣಿಗೊತ್ತಿಕೊಂಡು ಅವರು ಉಂಡರು. ನನ್ನನ್ನು ಹೆತ್ತವಳೂ ಇಷ್ಟು ಮಾಡುತ್ತಿದ್ದಳೋ ಇಲ್ಲವೋ, ನಾ ಕಾಣೆ. ಅವರ ಋಣ ನನ್ನ ಮೇಲೆ ದೊಡ್ಡದು.

ಮುಂದಿನ ಸೋಮವಾರ ಮನೆಗೆ ಬಂದಾಗ ಒಲೆಯ ಮೇಲೆ ಸರಿಯಾದ ಬಾಣಲೆ ಇತ್ತು, ಹಿಡಿಗೆ ಅರಿಶಿನ ದಾರ ಕಟ್ಟಿತ್ತು. ಪಕ್ಕದಲ್ಲಿ ಹೆಚ್ಚಿಟ್ಟ ಅಲಸಂದೆ. ಆಯಿ ಈಳಿಗೆಮಣೆ ತೊಳೆಯುತ್ತಿದ್ದರು.