ಔಷಧಿ ಅಂಗಡಿಯ ಕೆಂಪು ಚಿತ್ರ

ಕೊಟ್ಟೂರಿನಲ್ಲಿ ಔಷಧಿ ಅಂಗಡಿ ನಡೆಸುವ ಶಾಂಭವಿ ಚಿತ್ರ ಕೊಳ್ಳುತ್ತಾಳೆಂಬುದೇ ಊರಿಗೊಂದು ತಮಾಷೆ. ಅದೂ ದೇವರ ಚಿತ್ರವಲ್ಲ, ಹೂಬಳ್ಳಿಯಲ್ಲ. ಬೋರ್ಡು ಬರೆಯುವ ಕ್ರಾಂತಿಕುಮಾರ್ ಬಿಡುವಿನಲ್ಲಿ ಬರೆದ ಬಣ್ಣದ ಪಟ್ಟೆಗಳು, ಬಿರುಕುಬಿಟ್ಟ ನೆಲದಂಥ ಗೆರೆಗಳು. ಮಾತ್ರೆಗೆ ಕಾಯುವವರು ಗೋಡೆ ನೋಡಿ, "ಏನಕ್ಕಾ, ಬಣ್ಣದ ಡಬ್ಬಿ ಚೆಲ್ಲೈತೇನು?" ಅನ್ನುವರು.

"ನಿಮ್ಮ ತಲಿಮ್ಯಾಲ ಚೆಲ್ಲೋದು ತಪ್ಪೈತಿ, ಹಿಡೀರಿ ಮಾತ್ರಿ."

ಹಾಗೆ ನಕ್ಕವರಲ್ಲೇ ಒಬ್ಬ ದಂತವೈದ್ಯ ಒಂದು ಚಿತ್ರ ಕೊಂಡ. ಹರಪನಹಳ್ಳಿಯ ಹತ್ತಿ ವ್ಯಾಪಾರಿ ಇನ್ನೊಂದು. ಮಾತು ಹಬ್ಬಿ, ೨೦೦೩ರ ದಸರೆಯ ಬೆನ್ನಿಗೇ ದಾವಣಗೆರೆಯಲ್ಲಿ ಕ್ರಾಂತಿಕುಮಾರನ ಮೊದಲ ಪ್ರದರ್ಶನ ನಿಗದಿಯಾಯಿತು. ಅಲ್ಲಿಗೆ ಹೋಗಬೇಕಿದ್ದ ಹೆಚ್ಚಿನ ಚಿತ್ರಗಳು ಶಾಂಭವಿ ಕೊಂಡವೇ.

ಅವುಗಳಲ್ಲಿ ದೊಡ್ಡದು ಕೆಂಪು ಚಿತ್ರ. ಪ್ರದರ್ಶನಕ್ಕೆಂದು ಅವನು ಅದಕ್ಕೆ ಇನ್ನೊಂದು ಪದರ ಬಣ್ಣ ಕೊಟ್ಟು ಅಂಗಡಿಯಲ್ಲೇ ಒಣಗಲು ಬಿಟ್ಟಿದ್ದ. ಆಯುಧಪೂಜೆಯ ಬೆಳಿಗ್ಗೆ ಶಾಂಭವಿಯ ಅತ್ತೆ ನೀಲಗಂಗಮ್ಮ ತೂಕದ ಯಂತ್ರ, ಫ್ರಿಜ್ಜು, ಗಲ್ಲಾಪೆಟ್ಟಿಗೆಗೆಲ್ಲ ವಿಭೂತಿ ಹಚ್ಚುತ್ತ ಬಂದು, ಚಿತ್ರಕ್ಕೂ ಮೂರು ಬೆರಳು ಎಳೆದರು. ಹಸಿ ಎಣ್ಣೆಬಣ್ಣ ವಿಭೂತಿಯನ್ನು ಕಚ್ಚಿ ಹಿಡಿಯಿತು.

ಚಿತ್ರ ಒಣಗಿತೇ ಎಂದು ನೋಡಲು ಬಂದ ಕ್ರಾಂತಿಕುಮಾರನ ಮುಖ ಕಪ್ಪಿಟ್ಟಿತು. "ಪೂಜಿಗಂತ ಬರದಿಲ್ರಿ ನಾನು. ಬಿಡ್ರಿ ಅಕ್ಕಾ, ಇದೊಂದು ಹೋಗೋದು ಬ್ಯಾಡ."

"ಅಂಗಡ್ಯಾಗ ಇರೋದಕ್ಕೆಲ್ಲ ಹಚ್ಚಿ ಇದನ್ನೊಂದು ಬಿಟ್ರ, ಭೇದ ಮಾಡಿದಂಗಲ್ಲೇನಪ್ಪ?" ನೀಲಗಂಗಮ್ಮ ಗಾಬರಿಯಾದರು.

ಶಾಂಭವಿ ಇಬ್ಬರ ನಡುವೆ ಬಂದಳು. "ಇದು ಹೋಗ್ಲಿಲ್ಲಂದ್ರ ನನ್ನವು ಯಾವೂ ಹೋಗಂಗಿಲ್ಲ. ಕೆರೆದು ಮತ್ತ ಬರಿ ತಮ್ಮಾ."

"ಎಲ್ಲಿ ಬರೀಲ್ರಿ? ನಮ್ಮ ಮನ್ಯಾಗ ಬೆಳಕಿಲ್ಲ. ಇಲ್ಲಿ ಜನ."

"ನಮ್ಮ ಪಡಸಾಲ್ಯಾಗ."

ಇಷ್ಟು ವರ್ಷವೂ ಅವನು ಆ ಮನೆಯ ಕಟ್ಟೆಯ ತನಕ ಚಿತ್ರ ತಂದುಕೊಟ್ಟು ಹಿಂತಿರುಗಿದವನು. ಒಳಗೆ ಬರಬೇಡವೆಂದು ಯಾರೂ ಅಂದಿರಲಿಲ್ಲ; ಬಾ ಎಂದೂ ಅಂದಿರಲಿಲ್ಲ. ಅವನು ನೀಲಗಂಗಮ್ಮನ ಕಡೆ ನೋಡಿದ. ಶಾಂಭವಿಯೂ ಅತ್ತೆಯನ್ನೇ ನೋಡುತ್ತ ನಿಂತಳು, ಕಣ್ಣು ಕೀಳದೆ.

"ನನ್ನೇನು ನೋಡ್ತೀರಿ? ಕೆಡಿಸಿದಾಕಿ ನಾನು. ಬಾರಪ್ಪ ಒಳಗ, ಚಾಪಿ ಹಾಸ್ತೀನಿ."

ಚಾಕುವಿನಿಂದ ಬೂದಿ ಹಿಡಿದ ಪದರವನ್ನು ಕೆರೆದು ತೆಗೆದು, ಹೊತ್ತು ಇಳಿಯುವ ತನಕ ಅವನು ಬರೆದ. ನೀಲಗಂಗಮ್ಮ ಕಂಬಕ್ಕೆ ಒರಗಿ ಕುಳಿತೇ ಇದ್ದರು.

"ಇದೇನಪ್ಪ, ಹೊಲಾನ?"

"ಕೆಂಪು, ಅಮ್ಮಾ."

"ಅಷ್ಟೇನಾ? ಮತ್ತ ಇಷ್ಟೊತ್ತು ಯಾಕ?"

ಅವನು ಮೊದಲ ಸಲ ನಕ್ಕ.

ಹಸಿ ಬಣ್ಣಕ್ಕೆ ಬಟ್ಟೆ ಸುತ್ತುವಂತಿರಲಿಲ್ಲ. ಮರುದಿನ ದಾವಣಗೆರೆಗೆ ಹೊರಟ ಟೆಂಪೋದ ಹಿಂಭಾಗದಲ್ಲಿ ಶಾಂಭವಿಯೇ ಚೌಕಟ್ಟನ್ನು ಅಂಚಿನಲ್ಲಿ ಹಿಡಿದು, ಸೆರಗು ತಾಗದಂತೆ ಕೈ ಚಾಚಿ ಕುಳಿತಳು. ಹರಪನಹಳ್ಳಿ ದಾಟುವಷ್ಟರಲ್ಲಿ ತೋಳು ಸೋತು ಚೌಕಟ್ಟು ವಾಲತೊಡಗಿತು.

"ನಿಲ್ಲಿಸ್ಲೇನ್ರಿ ಅಕ್ಕಾ?" ಡ್ರೈವರ್ ಕೂಗಿದ.

"ನಿಲ್ಲಿಸಬ್ಯಾಡ, ನಡಿ."