ಪ್ರೋಟೀನಿಗೆ ಹೆಚ್ಚುವರಿ ಪ್ರಭಾರ

ವಿಜ್ಞಾನ ಮನುಕುಲವನ್ನು ಮೌಢ್ಯದಿಂದ ಬಿಡಿಸಿದೆ. ಮೊನ್ನೆ ನನ್ನನ್ನು ಮಾತ್ರೆಯಿಂದಲೂ ಬಿಡಿಸಿತು.

ವಿಷಯ ಇಷ್ಟೆ. ತಂಗಿಯ ಮಗಳು ರಶ್ಮಿಗೆ ದೊಡ್ಡಬಳ್ಳಾಪುರದ ಛತ್ರದಲ್ಲಿ ಮದುವೆ. ನಮ್ಮಲ್ಲಿ ಮದುಮಗಳನ್ನು ಹಸೆಮಣೆಗೆ ಎತ್ತಿಕೊಂಡು ಹೋಗಬೇಕಾದವನು ಸೋದರಮಾವ. ಅವಳಿಗಿರುವ ಒಬ್ಬನೇ ಸೋದರಮಾವ ನಾನು. ನನ್ನ ಬಲಮಂಡಿಯೋ, ಊದಿಕೊಂಡು ದೇವನಹಳ್ಳಿ ಚಕ್ಕೋತದ ಗಾತ್ರಕ್ಕೆ ಬಂದಿತ್ತು. ಡಾಕ್ಟರು ಉರಿಯೂತ ಎಂದು ಮಾತ್ರೆ ಕೊಟ್ಟಿದ್ದರು. ಊತ ಇಳಿಯುತ್ತಲೂ ಇತ್ತು.

ಆಗ ಬಂದ, ರಶ್ಮಿಯ ಅಪ್ಪ ಗಂಗಣ್ಣ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಷಿಫ್ಟ್ ಮುಗಿಸಿ, ಬಸ್ಸಿನುದ್ದಕ್ಕೂ ಮೊಬೈಲ್ ಓದಿಕೊಂಡು.

“ಭಾವ, ಆ ಮಾತ್ರೆ ಬಿಸಾಕಿ ಅತ್ಲಾಗೆ. ಮೈಯೊಳಗೇ ಒಂದು ಪ್ರೋಟೀನ್ ಐತಂತೆ. ಕ್ಯಾನ್ಸರ್ ಗಡ್ಡೆ ಬೆಳೀದಂಗೆ ತಡೆಯೋದು ಅದ್ರ ಕೆಲ್ಸ. ಈಗ ನೋಡಿದ್ರೆ ಊತಾನೂ ಅದೇ ಕಂಟ್ರೋಲ್ ಮಾಡ್ತದಂತೆ!”

ಆ ಸುದ್ದಿಯನ್ನು ನಾನೂ ಓದಿದೆ. ಉರಿಯೂತ ಎಂದರೆ ಮೂಲತಃ ದೇಹದ ಉಪಕಾರವೇ. ಪೆಟ್ಟಾದ ಕಡೆ ನೆರವಿಗೆ ಓಡಿ ಬರುತ್ತದೆ. ಕೆಲಸ ಮುಗಿದರೂ ಹೊರಡದಿದ್ದರೆ ತೊಂದರೆ (ಮದುವೆ ಮನೆಯ ನೆಂಟರನ್ನು ನೆನೆಯಿರಿ). ಅದನ್ನು ಹದ್ದುಬಸ್ತಿನಲ್ಲಿಡುವುದರಲ್ಲಿ ಈ ಪ್ರೋಟೀನಿನ ಪಾತ್ರವೂ ಇರಬಹುದು ಎಂದು ವಿಜ್ಞಾನಿಗಳು ಬಹಳ ಎಚ್ಚರದಿಂದ ಹೇಳಿದ್ದರು. ಆ ಎಚ್ಚರ ಗಂಗಣ್ಣನ ಜೊತೆ ಬಸ್ಸು ಹತ್ತಿರಲಿಲ್ಲ. ನನ್ನ ಹೊಸ್ತಿಲನ್ನೂ ದಾಟಲಿಲ್ಲ.

ಮಾತ್ರೆ ನಿಲ್ಲಿಸಿದೆ.

“ಊತ ಬಂದಿರೋದು ಕಾಲಿಗಾ, ತಲೆಗಾ?” ಎಂದಳು ಹೆಂಡತಿ. (ವಿಜ್ಞಾನಕ್ಕೆ ವಿರೋಧ ಯಾವ ಕಾಲದಲ್ಲಿ ಇರಲಿಲ್ಲ?)

ಒಂದು ಇಲಾಖೆಯ ಅಧಿಕಾರಿಗೆ ಇನ್ನೊಂದರ ಹೆಚ್ಚುವರಿ ಪ್ರಭಾರ ಕೊಟ್ಟರೆ ಏನಾಗುತ್ತದೆ? ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದವರಿಗೆ ವಿವರಿಸಬೇಕೆ? ಇಲ್ಲಿ ಕೇಳಿದರೆ ಅಲ್ಲಿದ್ದಾರೆ, ಅಲ್ಲಿ ಕೇಳಿದರೆ ಮೀಟಿಂಗು. ನನ್ನ ಮಂಡಿಗೂ ಪ್ರೋಟೀನ್ ಸಾಹೇಬರು ಭೇಟಿ ಕೊಡಲಿಲ್ಲ. ಮುಹೂರ್ತದ ಹಿಂದಿನ ದಿನ ಅದು ಮಡಚುವುದನ್ನೇ ಬಿಟ್ಟಿತು.

ಮತ್ತೆ ಹೋದಾಗ ಡಾಕ್ಟರು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡರು. “ಸಂಶೋಧನೆ ಒಳ್ಳೇದೇ ಸ್ವಾಮಿ. ಅದು ಔಷಧಿ ಆಗೋಕೆ ಇನ್ನೂ ಟೈಮ್ ಬೇಕು. ನಿಮ್ಮ ಮುಹೂರ್ತ ಯಾವಾಗ?”

“ನಾಳೆ ಬೆಳಿಗ್ಗೆ.”

“ಅಷ್ಟರೊಳಗಂತೂ ಆಗಲ್ಲ.”

ಛತ್ರದಲ್ಲಿ ವಾಲಗ ಜೋರಾಯಿತು. ಪುರೋಹಿತರು ಸೋದರಮಾವನನ್ನು ಕೂಗಿದರು. ಗಂಗಣ್ಣ ಛಾವಣಿಯ ದೀಪಗಳನ್ನು ಬಹಳ ಆಸಕ್ತಿಯಿಂದ ಪರಿಶೀಲಿಸುತ್ತಿದ್ದ. ನಾನು ಕುರ್ಚಿಯಿಂದ ಏಳಲು ಹೋಗಿ, ಮತ್ತೆ ಕುಳಿತೆ.

“ಮಾವ, ನನ್ನ ಎತ್ತೋದು ಆಮೇಲಿರ್ಲಿ,” ಎಂದಳು ರಶ್ಮಿ, “ಮೊದ್ಲು ನೀನು ಏಳು. ಹಿಡ್ಕೊ ಕೈಯ್ಯ.”

ಮದುಮಗಳೇ ಸೋದರಮಾವನನ್ನು ಹಸೆಮಣೆಯವರೆಗೆ ನಡೆಸಿಕೊಂಡು ಹೋದಳು.